ಸೌದೆ ಒಡೆದವರು ಯಾರು?

ಮೊದಲಿಗೆ ಒಂದು ತಪ್ಪೊಪ್ಪಿಗೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ, ಹಳಗನ್ನಡದ ಪದ್ಯಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ, ಇದು ಒಳ್ಳೆಯ ಪುಸ್ತಕ, ಇದು ಹೊತ್ತುಗಳೆಯುವ ಪುಸ್ತಕ ಎಂದು ತೂಗಿ ಹೇಳುತ್ತಿದ್ದ ನಾನು ಹೋದ ತಿಂಗಳು ಒಂದು ಪ್ರಣಯ ಕಾದಂಬರಿಯನ್ನು ಓದಿದೆ. ಓದಿದ್ದು ದೊಡ್ಡ ಅಪರಾಧವೇನೂ ಅಲ್ಲ. ಓದಿ ಖಂಡಿಸಿದ್ದರೆ ವಿದ್ವಾಂಸರ ಪಂಕ್ತಿಯಲ್ಲಿ ನನ್ನ ಎಲೆ ಹಾಗೆಯೇ ಇರುತ್ತಿತ್ತು. ಆದರೆ ನಾನು ಅದನ್ನು ಸಂತೋಷದಿಂದ ಓದಿದೆ. ಮುಗಿದುಹೋದೀತೆಂಬ ಭಯದಿಂದ ಕೊನೆಯ ಇಪ್ಪತ್ತು ಪುಟಗಳನ್ನು ಎರಡು ದಿನಕ್ಕೆ ಹಂಚಿಕೊಂಡೆ. ಇದಕ್ಕೆ ಸಮಾಧಾನ ಹೇಳುವುದು ಕಷ್ಟ.

ಪುಸ್ತಕ ನನ್ನದಲ್ಲ. ರಜಕ್ಕೆ ಬಂದಿದ್ದ ಮೊಮ್ಮಗಳು ದಿಂಬಿನ ಕೆಳಗೆ ಮರೆತು ಬಿಟ್ಟುಹೋದ ಇಂಗ್ಲಿಷ್ ಪುಸ್ತಕ. ಹೊದಿಕೆಯ ಮೇಲೆ ಒಂದು ಸರೋವರ. ಅದರಾಚೆ ಹಿಮದ ಬೆಟ್ಟ. ಈಚೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಪುಟ್ಟ ಮನೆ. ಕಥೆಯೂ ಹೊದಿಕೆಯಷ್ಟೇ ಸರಳ. ಪಟ್ಟಣದ ದುಡಿಮೆಯಲ್ಲಿ ಬಳಲಿದ ಒಬ್ಬ ಹೆಣ್ಣುಮಗಳು ಅಜ್ಜಿ ಬಿಟ್ಟುಹೋದ ಆ ಮನೆಗೆ ಬರುತ್ತಾಳೆ. ನೆರೆಯಲ್ಲಿ ಮಾತು ಕಡಿಮೆಯಾದ ಒಬ್ಬ ಗಂಡಸು. ಬಿರುಗಾಳಿ ಬರುತ್ತದೆ, ದೀಪ ಆರುತ್ತದೆ, ಒಲೆ ಉರಿಯುತ್ತದೆ. ನಡುವೆ ಒಂದು ಅಪಾರ್ಥ. ಎರಡು ಮಾತು ಆಡಿದ್ದರೆ ಅದು ತೀರುತ್ತಿತ್ತು. ಆ ಎರಡು ಮಾತನ್ನು ಅವರು ಎಂಬತ್ತು ಪುಟಗಳವರೆಗೆ ಆಡುವುದಿಲ್ಲ. ಕೊನೆಗೆ ಆಡುತ್ತಾರೆ, ಮದುವೆಯಾಗುತ್ತಾರೆ. ಇಷ್ಟೂ ನನಗೆ ಹತ್ತನೆಯ ಪುಟಕ್ಕೇ ತಿಳಿದಿತ್ತು. ತಿಳಿದೂ ಓದಿದೆ.

ಓದಿದ ಸ್ಥಳವನ್ನೂ ಹೇಳಬೇಕು. ನಮ್ಮ ಮನೆ ಹೆಗ್ಗನಹಳ್ಳಿಯಲ್ಲಿ. ಪೀಣ್ಯದ ಕಾರ್ಖಾನೆಗಳು ನಮಗೆ ಕೂಗಳತೆಯ ದೂರ. ಎದುರಿನ ಶೆಡ್ಡಿನಲ್ಲಿ ಒಂದು ಲೇತು ಬೆಳಗಿನಿಂದ ಕಬ್ಬಿಣ ಕೊರೆಯುತ್ತದೆ. ಓಣಿಯ ಎರಡು ಕಡೆಯ ಮನೆಗಳು ಒಂದರ ಕಿಟಕಿಯಿಂದ ಇನ್ನೊಂದಕ್ಕೆ ಕೈ ಚಾಚಿ ಕರಿಬೇವು ಕೊಡುವಷ್ಟು ಹತ್ತಿರ. ನೀರೆಂದರೆ ನಮಗೆ ಟ್ಯಾಂಕರಿನ ಹಾರನ್ನು. ಬೇಸಿಗೆಯಲ್ಲಿ ಅದನ್ನು ಕೇಳಿ ಎದೆ ಹಗುರಾಗುವಂತೆ ಯಾವ ಸಂಗೀತ ಕೇಳಿದರೂ ಆಗುವುದಿಲ್ಲ. ಇನ್ನು ಸರೋವರವೆಂದರೆ ಈ ಊರಿನವನಿಗೆ ಏನು ನೆನಪಾಗಬೇಕು? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿತು. ಇಲ್ಲಿ ಕುಳಿತವನಿಗೆ, ಯಾರೂ ಮಣ್ಣು ತುಂಬದ ಒಂದು ಕೊಳ, ಅದರ ದಡದಲ್ಲಿ ನೆರೆಯವನ ಮಿಕ್ಸಿ ಕೇಳಿಸದ ಒಂದು ಮನೆ ಇದೆಯೆಂದು ಒಬ್ಬರು ಇನ್ನೂರು ಪುಟ ಹೇಳಿದರೆ, ಅದು ಸುಳ್ಳೆಂದು ಎದ್ದು ಹೋಗುವಷ್ಟು ಸತ್ಯನಿಷ್ಠೆ ನನ್ನಲ್ಲಿಲ್ಲ.

ಆದರೂ ನಾಚಿಕೆಯಾಯಿತು. ಆ ನಾಚಿಕೆಗೆ ಒಂದು ಹಳೆಯ ಕಾರಣವಿದೆ. ಸುಮಾರು ನಲವತ್ತು ವರ್ಷದ ಹಿಂದೆ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನ ವ್ಯಾಕರಣ ಪಾಠದ ನಡುವೆ ತೊಡೆಯ ಮೇಲೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದಳು. ಕಸಿದುಕೊಂಡೆ. ಅದು ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ. ಆ ಕಾಲಕ್ಕೆ ರಾಜಾಜಿನಗರ, ವಿಜಯನಗರಗಳಲ್ಲಿ ದಿನಕ್ಕಿಷ್ಟೆಂದು ಬಾಡಿಗೆ ಹಿಡಿದು ಕಾದಂಬರಿ ಕೊಡುತ್ತಿದ್ದ ಚಿಕ್ಕ ಅಂಗಡಿಗಳಿದ್ದವು. ಪುಸ್ತಕವನ್ನು ಹಿಂದಿರುಗಿಸದೆ ಆ ಹುಡುಗಿಯನ್ನು ಸುಧಾರಿಸುತ್ತಿದ್ದೇನೆಂದು ನಾನು ನಂಬಿದ್ದೆ. ಲೈಬ್ರರಿಯವನಿಗೆ ದಂಡ ತೆತ್ತವಳು ಅವಳ ತಾಯಿ, ಮನೆಗೆಲಸದ ಸಂಬಳದಲ್ಲಿ. ಇದು ನನಗೆ ಗೊತ್ತಾದದ್ದು ಆ ಹುಡುಗಿ ಶಾಲೆ ಬಿಟ್ಟ ಮೇಲೆ. ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ.

ಅಂದು ಅವಳ ಕಿವಿಗೆ ಹಾಕಿದ ಉಪದೇಶವನ್ನು ಇಂದು ನನಗೆ ನಾನೇ ಹೇಳಿಕೊಂಡರೆ ಹೇಗಿರುತ್ತದೆ? ಇಂಥ ಪುಸ್ತಕಗಳ ಮೇಲೆ ನಾವು ಹೊರಿಸುವ ಆಪಾದನೆಗಳು ಮೂರು. ಅವು ಸುಳ್ಳು ಹೇಳುತ್ತವೆ. ಬಾಳಿನಿಂದ ಓಡಿಹೋಗುವುದನ್ನು ಕಲಿಸುತ್ತವೆ. ಮೂರನೆಯದು, ಜಗತ್ತಿನಲ್ಲಿರುವ ಕಷ್ಟವನ್ನು, ಕಷ್ಟಪಡುವವರನ್ನು ಕಥೆಯ ಹೊಸಿಲಿನಾಚೆಗೇ ನಿಲ್ಲಿಸುತ್ತವೆ.

ಮೊದಲನೆಯದಕ್ಕೆ ಉತ್ತರ ಸುಲಭ. ಸುಳ್ಳು ಹೇಳುವವನು ನಂಬಿಸಲು ಹೊರಟಿರಬೇಕು. ಈ ಕಾದಂಬರಿ ಯಾರನ್ನು ನಂಬಿಸಲು ಹೊರಟಿದೆ? ಹಬ್ಬದ ದಿನ ಬಾಗಿಲಿಗೆ ಕಟ್ಟಿದ ತೋರಣವನ್ನು ಕಂಡು ಇಲ್ಲಿ ಮಾವಿನ ಮರ ಬೆಳೆದಿದೆ ಎಂದು ಯಾರೂ ಮೋಸಹೋಗುವುದಿಲ್ಲ.

ಎರಡನೆಯದಕ್ಕೆ ನಮ್ಮ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಪಾಠ ಹೇಳುವಾಗ ನಾನು ಅದನ್ನು ಮುಚ್ಚಿಟ್ಟಿದ್ದೆ ಅಷ್ಟೆ. ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ನಲ್ಲೆಯ ನುಡಿಯಂತೆ ಮೆಲ್ಲಗೆ ಹೇಳುವ ಉಪದೇಶವೂ ಒಂದು. ಮೇಷ್ಟರುಗಳಾದ ನಾವು ಇದನ್ನು ಹಿಡಿದುಕೊಂಡೆವು. ಓದಿದ ಆ ಕ್ಷಣದಲ್ಲೇ ಒದಗುವ ಪರಮಸುಖವೂ ಅದೇ ಪಟ್ಟಿಯಲ್ಲಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಬಿಟ್ಟೆವು. ನಮ್ಮ ಮುದ್ದಣನೂ ಇದಕ್ಕೆ ಸಾಕ್ಷಿ. ‘ಶ್ರೀ ರಾಮಾಶ್ವಮೇಧಂ’ ಹುಟ್ಟುವುದು ಹೇಗೆ? ಮಳೆಗಾಲ, ಹೊರಗೆ ಹೋಗುವಂತಿಲ್ಲ, ಮನೋರಮೆಗೆ ಬೇಸರ, ಕಥೆ ಹೇಳೆಂದು ಗಂಡನನ್ನು ಕಾಡುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತ ಹೆಚ್ಚಾದರೆ ಅಲ್ಲಿಯೇ ತಡೆಯುತ್ತಾಳೆ. ಬಾಳಿನಿಂದ ಓಡಿಹೋಗುತ್ತಿದ್ದೀಯೆ ಎಂದು ಅವಳನ್ನು ಯಾವ ವಿಮರ್ಶಕನೂ ಬೈದಿಲ್ಲ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ, ಬಡತನ ರೋಗಗಳಲ್ಲೇ ಬದುಕು ಸವೆಸಿದ ಆ ಕವಿ, ಬೆಚ್ಚಗಿನ ಮನೆಯನ್ನೂ ನಗುವ ಹೆಂಡತಿಯನ್ನೂ ಕೃತಿಯ ಬಾಗಿಲಲ್ಲೇ ಇಟ್ಟನಲ್ಲ, ಅದನ್ನು ಪಲಾಯನವೆನ್ನಲು ನನಗಂತೂ ನಾಲಗೆ ಬಾರದು.

ನನ್ನನ್ನು ಕಾಡಿದ್ದು ಮೂರನೆಯ ಆಪಾದನೆ. ಅದೂ ನನಗಾಗಿ ಹೊಳೆದದ್ದಲ್ಲ. ಮಹಡಿಯ ಮೆಟ್ಟಿಲ ಮೇಲೆ ಕುಳಿತ ಒಬ್ಬರು ಕೇಳಿದ ಪ್ರಶ್ನೆಯಿಂದ ಹೊಳೆಯಿತು.

ಮನೆಯಾಕೆಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಓದುವಂತಿಲ್ಲ, ಟೀವಿಯೂ ಬೇಡವೆಂದುಕೊಂಡಿದ್ದಳು. ಸಂಜೆ ಹೊತ್ತು ಹೋಗದು. "ಏನೂಂದ್ರೆ, ಅದೇನೋ ಬಚ್ಚಿಟ್ಟುಕೊಂಡು ಓದ್ತಿದ್ದೀರಲ್ಲ, ಅದನ್ನೇ ಹೇಳಿ" ಎಂದಳು. ಸಿಕ್ಕಿಬಿದ್ದ ಮೇಲೆ ಇನ್ನೇನು! ದಿನಕ್ಕೆ ಒಂದೊಂದು ಅಧ್ಯಾಯದಂತೆ ಕನ್ನಡದಲ್ಲಿ ಹೇಳತೊಡಗಿದೆ. ಎರಡನೆಯ ದಿನಕ್ಕೆ ಕೇಳುಗರು ಇಬ್ಬರಾದರು. ನಮ್ಮ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರು. ಸಂಜೆ ಕೆಲಸ ಮುಗಿಸಿ ಬಂದವಳು ಬುತ್ತಿಯ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮನೋರಮೆಯರು ಇಬ್ಬರಾದ ಮೇಲೆ ಮುದ್ದಣನ ಪಾಡು ಕೇಳಬೇಕೆ? ಮನೆಯಾಕೆಯ ಪ್ರಶ್ನೆಗಳೆಲ್ಲ ಅಡಿಗೆಮನೆಯವು: ಅಷ್ಟು ಚಳಿಯಲ್ಲಿ ಮೊಸರು ಹೆಪ್ಪಾಗುವುದು ಹೇಗೆ? ಆ ಹುಡುಗಿ ಮೂರು ಹೊತ್ತೂ ಬ್ರೆಡ್ಡೇ ತಿನ್ನುತ್ತಾಳೆಯೆ? ಬಾಡಿಗೆಯ ಹೆಣ್ಣುಮಗಳು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿದಳು:

"ಮೇಷ್ಟ್ರೇ, ಆ ಮನೇಲಿ ಬೆಂಕಿ ಉರೀತಾನೇ ಇದೆ ಅಂದ್ರಲ್ಲ, ಸೌದೆ ಒಡೆದೋರು ಯಾರು?"

"ಅವನೇ, ಆ ಪಕ್ಕದ ಮನೆಯವನು."

"ಅವನೇನಾ? ಆಳುಗಳು ಯಾರೂ ಇಲ್ವಾ?"

"ಇಲ್ಲಮ್ಮ, ಅಲ್ಲಿ ಅವರ ಕೆಲಸ ಅವರೇ ಮಾಡಿಕೊಳ್ತಾರೆ."

"ಹಂಗಾದ್ರೆ ಒಳ್ಳೇವ್ನೇ ಬಿಡಿ. ಮದ್ವೆ ಆಗ್ಲಿ" ಎಂದು ತೀರ್ಪು ಕೊಟ್ಟಳು. ಮನೆಯಾಕೆ ನಕ್ಕಳು. ನಾನೂ ನಕ್ಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಪುಟ ಆ ಬೆಂಕಿಯ ಮುಂದೆ ಕುಳಿತಿದ್ದ ನನಗೆ ಸೌದೆಯ ವಿಚಾರ ಒಮ್ಮೆಯೂ ಬಂದಿರಲಿಲ್ಲ. ಅದು ಪುಸ್ತಕದಲ್ಲಿ ಇರಲಿಲ್ಲವೆಂದಲ್ಲ. ಇತ್ತು, ನಾನು ಗಮನಿಸಿರಲಿಲ್ಲ.

ಆಕೆ ಹುಟ್ಟಿದ್ದು ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಕಾಫಿ ತೋಟ ಕಾಣದವರಿಗಾಗಿ ಒಂದು ಮಾತು. ಬಾಬಾಬುಡನ್ ಬೆಟ್ಟಕ್ಕೆ ಏಳು ಬೀಜ ಬಂದ ಐತಿಹ್ಯ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ದೊರೆಗಳು ಕಾಡು ಕಡಿದು ದೊಡ್ಡ ತೋಟಗಳನ್ನು ಹಾಕಿದಾಗ ಗುಡ್ಡದ ನೆತ್ತಿಯ ಮೇಲೆ ಬಂಗಲೆ ಎದ್ದಿತು. ಅದರೊಳಗೆ ಚಳಿಗೆ ಅಗ್ಗಿಷ್ಟಿಕೆ. ಗುಡ್ಡದ ಕೆಳಗೆ ಒಂದೇ ಮಾಡಿನಡಿ ಸಾಲಾಗಿ ಆಳುಗಳ ಕೋಣೆಗಳು, ಅದೇ ಲೈನು. ಆಳುಗಳಿಗೆ ವಸತಿ ಕೊಡುವುದು ತೋಟದ ಯಜಮಾನರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತು. ಆದರೆ ಬಂಗಲೆಗೂ ಲೈನಿಗೂ ನಡುವಿನ ಏರನ್ನು ಕಾಯಿದೆ ಸಮ ಮಾಡಲಾರದು. ಈಕೆಯ ತಾಯಿ ಕಾಫಿ ಹಣ್ಣು ಕೊಯ್ಯುತ್ತಿದ್ದಳು. ತಂದೆಗೆ ಮಳೆಗಾಲದಲ್ಲಿ ಬಂಗಲೆಯ ಸೌದೆ ಒಡೆದು ಹಿತ್ತಿಲ ಬಾಗಿಲಲ್ಲಿ ಒಟ್ಟುವ ಕೆಲಸ. "ಹುಟ್ಟಿದ್ದು ಲೈನಲ್ಲಿ, ಈಗ ದುಡಿಯೋದೂ ಲೈನಲ್ಲೇ ಮೇಷ್ಟ್ರೇ" ಎಂದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರಗಳ ಸಾಲಿಗೂ ಲೈನೆಂದೇ ಹೆಸರು. ಒಬ್ಬಳು ಕಾಲರು ಹೊಲಿದು ಮುಂದಿನವಳಿಗೆ ದಾಟಿಸಬೇಕು, ಅವಳು ತೋಳು ಕೂಡಿಸಬೇಕು. ಗಂಟೆಗೆ ಇಷ್ಟೆಂದು ಲೆಕ್ಕ.

ಅಮೆರಿಕದ ಕಾದಂಬರಿಯಲ್ಲಿ ನಾಯಕ ತಾನೇ ಸೌದೆ ಒಡೆಯುವುದಕ್ಕೂ ಒಂದು ಇತಿಹಾಸವಿದೆ. ದಿಮ್ಮಿಯ ಮನೆ ಅಲ್ಲಿ ಮೊದಲಿಗೆ ವಿಹಾರದ ಮನೆಯಲ್ಲ, ಬಡವನ ಮನೆ. 1809ರಲ್ಲಿ ಲಿಂಕನ್ ಹುಟ್ಟಿದ್ದು ಅಂಥ ಒಂದರಲ್ಲಿ. 1845ರಲ್ಲಿ ಥೋರೋ ವಾಲ್ಡನ್ ಕೊಳದ ದಡದಲ್ಲಿ ತನ್ನ ಕೈಯಾರೆ ಮರದ ಪುಟ್ಟ ಮನೆ ಕಟ್ಟಿ, ತಗುಲಿದ ಖರ್ಚು ಇಪ್ಪತ್ತೆಂಟು ಡಾಲರು ಹನ್ನೆರಡೂವರೆ ಸೆಂಟು ಎಂದು ಪೈಸೆಪೈಸೆಗೂ ಲೆಕ್ಕ ಬರೆದ. ನೆಲ ಮಾತ್ರ ಗೆಳೆಯ ಎಮರ್ಸನ್ನನದು. ಇಂದಿನ ಪ್ರಣಯ ಕಾದಂಬರಿ ಆ ಮನೆಯನ್ನು ಇಟ್ಟುಕೊಂಡಿತು, ಲೆಕ್ಕದ ಪುಸ್ತಕವನ್ನು ಬಿಟ್ಟಿತು. ಕೊಡಲಿಯನ್ನು ಮಾತ್ರ ನಾಯಕನ ಕೈಯಲ್ಲಿ ಉಳಿಸಿತು. ನಾವು ಅದೇ ಕಥೆಯನ್ನು ನಮ್ಮ ಮಲೆನಾಡಿಗೆ ತಂದರೆ ದಿಮ್ಮಿಯ ಮನೆ ತಾನಾಗಿ ಬಂಗಲೆಯಾಗುತ್ತದೆ, ಕೊಡಲಿ ಬೇರೊಬ್ಬನ ಕೈಗೆ ಹೋಗುತ್ತದೆ. ತ್ರಿವೇಣಿಯವರು ಇದನ್ನು ಬಲ್ಲವರು. 1928ರಿಂದ 1963ರವರೆಗಿನ ಅಲ್ಪಾಯುಷ್ಯದಲ್ಲಿ ಅಷ್ಟೊಂದು ಕಾದಂಬರಿಗಳನ್ನು ಬರೆದ ಆಕೆ ‘ಬೆಳ್ಳಿಮೋಡ’ದಲ್ಲಿ ನಮಗೊಂದು ತೋಟದ ಮನೆಯನ್ನೂ ಅದರಲ್ಲೊಂದು ಪ್ರೇಮವನ್ನೂ ಕೊಟ್ಟರು. ಆದರೆ ಆ ಮನೆಗೆ ಗಂಡು ವಾರಸುದಾರ ಹುಟ್ಟಿದೊಡನೆ ವರನ ಪ್ರೇಮ ತಣ್ಣಗಾಗುತ್ತದೆ. ಮನೆಯ ಚೆಲುವಿನ ಹಿಂದೆ ಮನೆಯ ಬೆಲೆ ಇದೆಯೆಂಬುದನ್ನು ಅವರು ಮರೆಮಾಡಲಿಲ್ಲ. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಜನ ಬೆಟ್ಟದ ಮಂಜನ್ನೂ ನೋಡಿದರು, ಆ ಬೆಲೆಯನ್ನೂ ನೋಡಿದರು.

ಮರುದಿನ ನಾನು ಮೇಷ್ಟರ ಧಾಟಿಯಲ್ಲಿಯೇ ಆಕೆಯನ್ನು ಕೇಳಿದೆ. "ಈ ಕಥೆಯಲ್ಲಿ ನಿಮ್ಮಂಥವರು ಯಾರೂ ಇಲ್ಲವಲ್ಲಮ್ಮ. ಲೈನ್ ಮನೆಯಿಲ್ಲ, ಕೂಲಿಯಿಲ್ಲ, ಜಿಗಣೆ ಕಡಿತವಿಲ್ಲ. ಕೇಳುವಾಗ ಸಿಟ್ಟು ಬರುವುದಿಲ್ಲವೆ?" ಬರುತ್ತದೆ ಎಂದಿದ್ದರೆ ನನಗೆ ತೃಪ್ತಿಯಾಗುತ್ತಿತ್ತು, ಆಕೆಯ ಸಿಟ್ಟಿನ ಮೇಲೊಂದು ಒಳ್ಳೆಯ ಲೇಖನ ಬರೆಯಬಹುದಾಗಿತ್ತು. ಆಕೆ ಹೇಳಿದ್ದು ಬೇರೆ:

"ಲೈನ್ ಮನೆ ಕತೆ ನಂಗೊತ್ತಿಲ್ವಾ ಮೇಷ್ಟ್ರೇ? ಅದನ್ನ ಇನ್ನೊಬ್ರು ಹೇಳಿ ನಾನು ಕೇಳ್ಬೇಕಾ? ನಮ್ಮಪ್ಪ ಸೌದೆ ಹಾಕೋಕೆ ಹಿತ್ಲು ಬಾಗ್ಲ ತನಕ ಹೋಗ್ತಿದ್ದ. ನಾನು ಕಾಫಿ ಒಣಗ್ಸೋ ಕಣದ ತನಕ. ಅದ್ರಿಂದ ಮೇಲೆ ಹೋದ್ರೆ ರೈಟರು ಬೈಯೋರು. ಒಳಗೆ ಆ ಬೆಂಕಿ ಮುಂದೆ ಕೂತ್ರೆ ಹೆಂಗಿರತ್ತೆ ಅಂತ ಯಾರೂ ಹೇಳಿರ್ಲಿಲ್ಲ. ಈಗ ನೀವು ಹೇಳಿದ್ರಿ."

ನಾನು ಸುಮ್ಮನಾದೆ. ತಂದೆ ಒಡೆದ ಸೌದೆಯ ಬೆಂಕಿ ಆ ಮಗಳಿಗೆ ತಲುಪಲು ಇಷ್ಟು ವರ್ಷ ಬೇಕಾಯಿತು. ತಲುಪಿಸಿದ್ದು ನಾನು ದಿಂಬಿನಡಿಯಿಂದ ಎತ್ತಿಕೊಂಡ ಒಂದು ಹಗುರ ಪುಸ್ತಕ. ರಸಾನುಭವಕ್ಕೆ ಸಾಧಾರಣೀಕರಣ ಬೇಕು, ಪಾತ್ರದ ಸುಖದುಃಖ ಯಾರೊಬ್ಬರದೂ ಆಗದೆ ಎಲ್ಲರದೂ ಆಗಬೇಕು ಎಂದು ನಮ್ಮ ಅಲಂಕಾರಿಕರು ಹೇಳುತ್ತಾರೆ. ಈ ಮಾತನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದರ ಅರ್ಥ ಇಷ್ಟು ಸರಳವೆಂದು ತಿಳಿದಿರಲಿಲ್ಲ: ರೈಟರಿಲ್ಲದ ಬಂಗಲೆ, ಯಾರು ಬೇಕಾದರೂ ಒಳಗೆ ಬಂದು ಬೆಂಕಿಯ ಮುಂದೆ ಕೂರಬಹುದು. ಅಂದು ತರಗತಿಯಲ್ಲಿ ಪುಸ್ತಕ ಕಸಿದುಕೊಂಡಾಗ ನಾನು ಮಾಡಿದ್ದು ರೈಟರ ಕೆಲಸ.

ಹಾಗಾದರೆ ಮೂರನೆಯ ಆಪಾದನೆ ಬಿದ್ದುಹೋಯಿತೆ? ಇಲ್ಲ. ಆಕೆಯ ಉತ್ತರವನ್ನು ನನ್ನ ರಕ್ಷಣೆಗೆ ಗುರಾಣಿ ಮಾಡಿಕೊಳ್ಳುವುದು ಇನ್ನೊಂದು ಬಗೆಯ ಕಳ್ಳತನ. ಒಂದೇ ಪುಸ್ತಕ, ಆಕೆ ಅದರೊಳಗೆ ಬಂದದ್ದು ಹಿತ್ತಿಲ ಬಾಗಿಲಿನಿಂದ, ಒಟ್ಟಿದ ಸೌದೆಯನ್ನು ಕಣ್ಣಾರೆ ಕಂಡು. ನಾನು ಹೋದದ್ದು ಮುಂಬಾಗಿಲಿನಿಂದ, ಏನನ್ನೂ ಕಾಣದೆ. ಆಕೆಗೆ ಅದು ಪ್ರವೇಶ. ನನಗೆ ಅದು ಮರೆವು. ಪುಸ್ತಕವನ್ನು ತಕ್ಕಡಿಗೆ ಹಾಕಿ ತೂಗಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಓದುವವನನ್ನು ತೂಗಬೇಕು.

ಇಲ್ಲಿ ಕಾಳಿದಾಸ ನೆನಪಾಗುತ್ತಾನೆ. ಶಾಕುಂತಲವೂ ನೀರ ದಡದ ಮನೆಯ ಪ್ರಣಯವೇ ತಾನೆ? ಮಾಲಿನೀ ತೀರದ ಕಣ್ವಾಶ್ರಮ. ಬೇಟೆಗೆ ಬಂದ ಅಪರಿಚಿತ. ಕೊನೆಗೆ ಹೇಮಕೂಟ ಪರ್ವತದ ಆಶ್ರಮದಲ್ಲಿ ಪುನರ್ಮಿಲನ. ಅದರ ನಡುವೆ ಆರನೆಯ ಅಂಕದ ಮೊದಲಲ್ಲಿ ಒಂದು ಪುಟ್ಟ ದೃಶ್ಯವಿದೆ. ಕಳೆದ ಉಂಗುರ ಸಿಕ್ಕುವುದು ಒಬ್ಬ ಬೆಸ್ತನಿಗೆ, ಮೀನಿನ ಹೊಟ್ಟೆಯಲ್ಲಿ. ಕಾವಲಿನವರು ಅವನನ್ನು ಕಳ್ಳನೆಂದು ಹಿಡಿದು ಬಡಿಯುತ್ತಾರೆ, ಕುಲಕಸುಬನ್ನು ಹಂಗಿಸುತ್ತಾರೆ. ರಾಜ ಉಂಗುರದ ಬೆಲೆಯಷ್ಟು ಹಣ ಕೊಡಿಸಿದೊಡನೆ ಅವರೇ ಗೆಳೆಯರಾಗಿ, ಅದರಲ್ಲಿ ಪಾಲು ಪಡೆದು, ಕುಡಿಯಲು ಕರೆದೊಯ್ಯುತ್ತಾರೆ. ಅಲ್ಲಿಗೆ ಬೆಸ್ತ ನಾಟಕದಿಂದ ಮರೆಯಾಗುತ್ತಾನೆ. ಆದರೆ ಅವನು ಬಲೆ ಬೀಸದಿದ್ದರೆ ದುಷ್ಯಂತನಿಗೆ ನೆನಪಿಲ್ಲ, ಹೇಮಕೂಟವಿಲ್ಲ, ಸುಖಾಂತವಿಲ್ಲ. ಈ ದೃಶ್ಯವನ್ನು ನಾನು ‘ಹಾಸ್ಯಕ್ಕಾಗಿ’ ಎಂದು ಹೇಳಿ ಐದು ನಿಮಿಷದಲ್ಲಿ ದಾಟಿಸುತ್ತಿದ್ದೆ. ಕಾಳಿದಾಸ ಅವನ ಕಥೆಯನ್ನು ಬೆಳೆಸಲಿಲ್ಲ ನಿಜ. ಆದರೆ ಸೌದೆ ಒಡೆದವರು ಯಾರೆಂಬುದನ್ನು ಒಮ್ಮೆಯಾದರೂ ರಂಗದ ಮೇಲೆ ತಂದು ತೋರಿಸಿದ.

ಇಷ್ಟರಿಂದ ನನಗೆ ತೋರುವುದು ಇದು. ಸುಖದ ಕಥೆಯಲ್ಲಿ ಸುಖಪಡುವುದು ತಪ್ಪಲ್ಲ. ಲೇತಿನ ಸದ್ದಿನ ನಡುವೆ, ಟಾರ್ಗೆಟ್ಟಿನ ಬೆನ್ನಟ್ಟಿ ದಿನ ಕಳೆದವರಿಗೆ ಒಂದು ಸಂಜೆ ಎಲ್ಲವೂ ಸರಿಹೋಗುವ ಕಥೆ ಬೇಕೆನಿಸಿದರೆ, ಅದನ್ನು ಕೀಳೆನ್ನುವವನು ಅವರ ದಿನವನ್ನು ಒಮ್ಮೆ ದುಡಿದು ನೋಡಬೇಕು. ತಪ್ಪಾಗುವುದು ಎರಡು ಕಡೆ. ನಾನು ಒಳಗೆ ಕುಳಿತು ಇನ್ನೊಬ್ಬರಿಗೆ ಬಾಗಿಲು ಹಾಕಿದಾಗ ಒಂದು ತಪ್ಪು. ಬೆಂಕಿಯ ಮುಂದೆ ಕುಳಿತು ಅದು ತಾನಾಗಿಯೇ ಉರಿಯುತ್ತಿದೆಯೆಂದು ನಂಬಿದಾಗ ಇನ್ನೊಂದು. ಮೊದಲನೆಯದನ್ನು ನಾನು ಮೇಷ್ಟರಾಗಿ ಮಾಡಿದೆ, ಎರಡನೆಯದನ್ನು ಓದುಗನಾಗಿ. ಸೌದೆ ಒಡೆದವರು ಯಾರೆಂದು ಕೇಳಿಕೊಂಡರೆ ಓದಿನ ಬಿಸಿ ಆರಿಹೋಗುತ್ತದೆಯೆಂದು ಕೆಲವರು ಅಂಜುತ್ತಾರೆ. ನಾನು ಕಂಡಂತೆ, ಆ ಪ್ರಶ್ನೆ ಕೇಳಿದವಳೇ ನಮ್ಮೆಲ್ಲರಿಗಿಂತ ಹೆಚ್ಚು ಬಿಸಿ ಕಾಯಿಸಿಕೊಂಡವಳು.

ಕಥೆಯ ಕೊನೆಯ ಅಧ್ಯಾಯ ಒಂದು ಶನಿವಾರ ಬಂತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ತಡೆದಳು. "ಇವತ್ತು ಬೇಡಿ ಮೇಷ್ಟ್ರೇ, ನಿದ್ದೆ ಎಳೀತಿದೆ. ನಾಳೆ ಭಾನುವಾರ, ಸರಿಯಾಗಿ ಕೂತು ಕೇಳ್ತೀನಿ." ಕೊನೆ ಏನೆಂದು ಆಕೆಗೂ ಗೊತ್ತಿತ್ತು, ಮನೆಯಾಕೆಗೂ ಗೊತ್ತಿತ್ತು. ಭಾನುವಾರ ಮೂವರೂ ಸರಿಯಾಗಿಯೇ ಕೂತೆವು. ಮನೆಯಾಕೆ ಕಾಫಿ ಮಾಡಿದಳು. ಕಥೆ ಮುಗಿದ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಆಕೆ ಲೋಟ ಕೆಳಗಿಟ್ಟು, "ಕನ್ನಡದ್ದು ಇನ್ಯಾವ್ದಾದ್ರೂ ಇದ್ರೆ ಕೊಡಿ, ನಾನೇ ಓದ್ಕೋತೀನಿ" ಎಂದಳು. ಬೀರು ತೆಗೆದೆ. ನಲವತ್ತು ವರ್ಷದಿಂದ ಅಲ್ಲಿದ್ದ ಆ ಲೈಬ್ರರಿಯ ಪುಸ್ತಕವನ್ನು ಧೂಳು ಒರೆಸಿ ಕೊಟ್ಟೆ. ಅದು ಸಲ್ಲಬೇಕಾದದ್ದು ಈಕೆಗಲ್ಲ, ಅದು ನನಗೆ ಗೊತ್ತು. ಆ ಋಣ ಹೀಗೆ ತೀರುವಂಥದಲ್ಲ. ಆದರೂ ಪುಸ್ತಕ ಬೀರುವಿನಲ್ಲಿರುವುದಕ್ಕಿಂತ ಮೆಟ್ಟಿಲ ಮೇಲಿರುವುದು ಮೇಲೆನಿಸಿತು.